ನಾಲೆಯ ಮೇಲೆ ಒಂದು ವಾರ, ಒಂದು ಪಂಚೆ

ಶನಿವಾರ

ಮೂವತ್ತೊಂದು ವರ್ಷ ನಾಲೆಯ ಏರಿಯ ಮೇಲೆ ಬೈಕ್ ಓಡಿಸಿದವನು ನಾನು. ವಿಶ್ವೇಶ್ವರಯ್ಯ ನಾಲೆ, ಮಂಡ್ಯದ ಕಡೆಯ ಹಳಬರ ಬಾಯಲ್ಲಿ ಇನ್ನೂ ಇರ್ವಿನ್ ನಾಲೆ. ತೂಬು, ಗೇಜು, ಹೆಚ್ಚಾದ ನೀರು ಹೊರಬಿಡುವ ಎಸ್ಕೇಪು, ಕೊನೆ ಭಾಗದ, ಅಂದರೆ ಟೇಲ್ ಎಂಡಿನ, ರೈತರ ಬೈಗುಳ, ಇಷ್ಟೇ ನನ್ನ ಸರ್ವಿಸ್ಸು. ಹಾಗಾಗಿ ಮ್ಯಾಂಚೆಸ್ಟರಿನ ಮಗಳು ಫೋನಿನಲ್ಲಿ "ಅಪ್ಪ, ಈ ಸಲ ಬಂದಾಗ ಒಂದು ವಾರ ನಾಲೇಲಿ ಹೋಗೋಣ" ಅಂದಾಗ ತಲೆಬುಡ ಅರ್ಥವಾಗಲಿಲ್ಲ. ನಾಲೆಯಲ್ಲಿ ನೀರು ಹೋಗುತ್ತದೆ, ತೆಂಗಿನಕಾಯಿ ಹೋಗುತ್ತದೆ, ಕೆಲವು ಸಲ ಹೆಣ ಹೋಗುತ್ತದೆ. ಬದುಕಿರುವವರು ಯಾಕೆ ಹೋಗಬೇಕು?

ಮೇ ತಿಂಗಳ ಮೊದಲ ಶನಿವಾರ ಮಧ್ಯಾಹ್ನ ಇಂಗ್ಲೆಂಡಿನ ಚೆಷೈರ್‌ನ ರೆನ್‌ಬರಿ ಎಂಬ ಹಳ್ಳಿಯಲ್ಲಿ, ವೇಲ್ಸಿನ ಕಡೆಗೆ ಹೋಗುವ ಲಾನ್‌ಗೊಲೆನ್ ನಾಲೆಯ ದಡದಲ್ಲಿ, ಇಳಿದಾಗ ಅರ್ಥವಾಯಿತು. ಹಳೆಯ ಗಿರಣಿಯೊಂದರ ಪಕ್ಕದಲ್ಲಿ ಸಾಲಾಗಿ ಕಟ್ಟಿದ ನ್ಯಾರೋಬೋಟ್‌ಗಳು. ನಮ್ಮದು 57 ಅಡಿ ಉದ್ದ, ಅಗಲ ಮಾತ್ರ 6 ಅಡಿ 10 ಅಂಗುಲ. ತೊಟ್ಟಿಮನೆಯ ಪಡಸಾಲೆಯನ್ನು ಉದ್ದಕ್ಕೆ ಸೀಳಿ ನೀರಿಗೆ ಬಿಟ್ಟ ಹಾಗಿತ್ತು. ಒಳಗೆ ಅಡುಗೆಮನೆ, ಗ್ಯಾಸ್ ಒಲೆ, ಎರಡು ಮಲಗುವ ಕೋಣೆ, ಶವರ್, ಸೌದೆ ಒಲೆ. ಇಷ್ಟು ಕಿರಿದು ಯಾಕೆಂದರೆ ದೋಣಿಯನ್ನು ಹತ್ತಿಸಿ ಇಳಿಸುವ ದಾರಿಯ ಲಾಕ್‌ಗಳು ಏಳಡಿ ಅಗಲ. ಇನ್ನೂರು ವರ್ಷದ ಹಿಂದೆ ಕಲ್ಲು ಕಟ್ಟಿದವರು ಹಾಕಿದ ಅಳತೆಗೆ ದೋಣಿಗಳು ಇವತ್ತಿಗೂ ಬಗ್ಗಿ ನಡೆಯುತ್ತಿವೆ.

"ಏನ್ರೀ ಇದು, ಮನೇನೇ ತೇಲಿಸ್ಕೊಂಡು ಹೊಂಟವ್ರಲ್ಲ" ಅಂದಳು ನಮ್ಮಾಕೆ. ಅವಳಿಗೆ ನಾಲೆ ಎಂದರೆ ಭಯ. ನಮ್ಮ ಕಡೆಯ ಹೆಂಗಸರಿಗೆಲ್ಲ ಅಷ್ಟೆ. ಬಟ್ಟೆ ಒಗೆಯಲು ಹೋಗಿ ಜಾರಿದವರು, ಏರಿಯಿಂದ ಉರುಳಿದ ಗಾಡಿಗಳು, ಒಂದೊಂದು ಊರಿಗೂ ಒಂದೊಂದು ಕಥೆ ಇದೆ. ಲೈಫ್ ಜಾಕೆಟ್ ಹಾಕಿಕೊಂಡವಳು ರಾತ್ರಿ ಮಲಗುವಾಗಲೇ ತೆಗೆದದ್ದು. ದೋಣಿ ಕೊಟ್ಟ ಹುಡುಗ ನಕ್ಕು, ಬಹುಪಾಲು ಕಡೆ ನಾಲ್ಕಡಿ ಆಳ, ಬಿದ್ದರೆ ಎದ್ದು ನಿಂತುಕೊಳ್ಳಿ ಸಾಕು ಅಂದ. ಮಗಳು ಅದನ್ನು ಕನ್ನಡಕ್ಕೆ ತಂದು ಹೇಳಿದರೂ ಅವಳು ನಂಬಲಿಲ್ಲ.

ಮುಕ್ಕಾಲು ಗಂಟೆ ಪಾಠ. ಹಿಂದೆ ನಿಂತು ಒಂದು ಕಬ್ಬಿಣದ ಹಿಡಿ ಹಿಡಿಯಬೇಕು, ಅದಕ್ಕೆ ಟಿಲ್ಲರ್ ಅನ್ನುತ್ತಾರೆ. ಅದನ್ನು ಬಲಕ್ಕೆ ತಳ್ಳಿದರೆ ದೋಣಿಯ ಮೂತಿ ಎಡಕ್ಕೆ ಹೋಗುತ್ತದೆ. ಅಳಿಯಂದಿರು ಎರಡು ಸಲ ಜೊಂಡಿಗೆ ನುಗ್ಗಿಸಿದರು. ನನಗೆ ಅಷ್ಟು ಕಷ್ಟವಾಗಲಿಲ್ಲ, ಚಿಕ್ಕಂದಿನಲ್ಲಿ ನೇಗಿಲ ಮೇಣಿ ಹಿಡಿದ ಕೈ. ನೇಗಿಲೂ ಹೀಗೆಯೇ, ಒತ್ತಿದ ಕಡೆಗಲ್ಲ, ಅದರ ಎದುರಿಗೆ ವಾಲುತ್ತದೆ. ವೇಗ ಗಂಟೆಗೆ ನಾಲ್ಕು ಮೈಲಿ ಮೀರಬಾರದು. ದಡಕ್ಕೆ ಕಟ್ಟಿದ ದೋಣಿ ಕಂಡರೆ ಅದಕ್ಕೂ ನಿಧಾನ, ಇಲ್ಲದಿದ್ದರೆ ಒಳಗಿನವರ ಟೀ ಚೆಲ್ಲುತ್ತದೆ.

ಹೊರಟಾಗ ಬಿಸಿಲು, ಅರ್ಧ ಮೈಲಿಗೆ ಮಳೆ, ಮುಂದಿನ ಸೇತುವೆಗೆ ಮತ್ತೆ ಬಿಸಿಲು. ಮಾರ್ಬರಿ ಲಾಕ್‌ನ ಈಚೆ ದಡದಲ್ಲಿ ಗೂಟ ಹೊಡೆದು ಕಟ್ಟಿದೆವು.

ಸಂಜೆ ನನಗೊಂದು ಚಟ. ಒಣಕಡ್ಡಿ ಮುರಿದು ನೀರಿಗೆ ಬಿಟ್ಟು, ಇಪ್ಪತ್ತು ಹೆಜ್ಜೆ ಅಳೆದು, ಗಡಿಯಾರ ನೋಡಿದೆ. ನಾಲೆಯ ಹರಿವು ಅಂದಾಜು ಮಾಡಲು ನಾವು ಸರ್ವಿಸ್ಸಿನಲ್ಲಿ ಮಾಡುತ್ತಿದ್ದದ್ದೇ ಇದು. ಕಡ್ಡಿ ಇಪ್ಪತ್ತು ಹೆಜ್ಜೆ ದಾಟಲು ನಾಲ್ಕು ನಿಮಿಷ ತೆಗೆದುಕೊಂಡಿತು. ನಿಧಾನ ನಿಜ, ಆದರೆ ಹೋಯಿತು. ಇಲ್ಲಿನ ನಾಲೆಗಳೆಲ್ಲ ಕೆರೆಯ ಹಾಗೆ ನಿಂತ ನೀರು ಎಂದು ಅಳಿಯಂದಿರು ದಾರಿಯುದ್ದಕ್ಕೂ ಹೇಳಿದ್ದರು. ಇದು ನಿಂತಿರಲಿಲ್ಲ. ನಾವು ಹೋಗಬೇಕಾದ ದಿಕ್ಕಿನಿಂದ ನಮ್ಮ ಕಡೆಗೆ ಬರುತ್ತಿತ್ತು.

ಭಾನುವಾರ

ಎದ್ದಾಗ ಹುಲ್ಲಿನ ಮೇಲೆ ಮಂಜು, ಬಾಯಲ್ಲಿ ಹಬೆ. ಉಪ್ಪಿಟ್ಟು ತಿಂದು ಮೊದಲ ಲಾಕ್.

ಲಾಕ್ ಎಂದರೆ ದೋಣಿಯೊಂದು ಹಿಡಿಸುವ ಕಲ್ಲಿನ ತೊಟ್ಟಿ. ಕೆಳಗಡೆ ಜೋಡಿ ಬಾಗಿಲು, ಮೇಲ್ಗಡೆ ಒಂಟಿ ಬಾಗಿಲು. ದೋಣಿ ಒಳಗೆ ಹೋದ ಮೇಲೆ ಕೆಳಗಿನ ಬಾಗಿಲು ಮುಚ್ಚಬೇಕು. ವಿಂಡ್‌ಲಾಸ್ ಎಂಬ ಕಬ್ಬಿಣದ ಹಿಡಿಯನ್ನು ಹಲ್ಲುಗಾಲಿಗೆ ಸಿಕ್ಕಿಸಿ ತಿರುಗಿಸಿದರೆ ಮೇಲಿನ ತೂಬು ಏಳುತ್ತದೆ. ಅವರು ಪ್ಯಾಡಲ್ ಅನ್ನುತ್ತಾರೆ, ನನಗೆ ತೂಬೇ. ಕಟಕಟ ಶಬ್ದ, ಆಮೇಲೆ ಕಾಲಡಿಯ ಕಲ್ಲೊಳಗಿಂದ ಗುಡುಗಿದ ಹಾಗೆ ನೀರು. ಪಾಚಿ ಹತ್ತಿದ ಗೋಡೆಗಳ ನಡುವೆ ಹದಿನಾರು ಟನ್ನಿನ ಉಕ್ಕಿನ ದೋಣಿ, ಮೇಲೆ ನಿಂತ ಮಗಳ ಸಮೇತ, ಬೆಣ್ಣೆ ತೇಲಿ ಬಂದ ಹಾಗೆ ಮೇಲೆ ಬಂತು. ಒಳಗೂ ಹೊರಗೂ ನೀರು ಸಮವಾಗುವವರೆಗೆ ಬಾಗಿಲು ಎಷ್ಟು ನೂಕಿದರೂ ಕದಲುವುದಿಲ್ಲ. ಸಮವಾದ ಮೇಲೆ ಉದ್ದನೆಯ ದಿಮ್ಮಿಗೆ ಬೆನ್ನು ಕೊಟ್ಟು ಒತ್ತಿದರೆ ತಾನಾಗಿ ಬಿಟ್ಟುಕೊಡುತ್ತದೆ. ನಮ್ಮಾಕೆ ಮೂರನೆಯ ಲಾಕ್‌ಗೆ ದಡಕ್ಕಿಳಿದು ಬೆನ್ನು ಕೊಟ್ಟಳು. "ಇದು ನಂಗಾಯ್ತದೆ" ಅಂದಳು.

ನನಗೆ ಮಾತ್ರ ಹೊಟ್ಟೆ ಉರಿ. ಮನಸ್ಸಿನಲ್ಲೇ ಲೆಕ್ಕ ಹಾಕಿದೆ: ಒಂದು ದೋಣಿ ಹತ್ತಿಸಲು ಸುಮಾರು 25 ಸಾವಿರ ಗ್ಯಾಲನ್ ನೀರು ಕೆಳಕ್ಕೆ. ಬೇಸಿಗೆಯಲ್ಲಿ ಸರದಿಯ ಕಟ್ಟು ನೀರಿಗಾಗಿ ರಾತ್ರಿಯೆಲ್ಲ ತೂಬಿನ ಹತ್ತಿರ ಕಾದ ರೈತರನ್ನು ಕಂಡವನು ನಾನು. ಮೋಜಿಗೆ ಇಷ್ಟು ನೀರೇ?

ಉತ್ತರ ಸಿಕ್ಕಿದ್ದು ಗ್ರಿಂಡ್ಲಿ ಬ್ರೂಕ್‌ನಲ್ಲಿ. ಅಲ್ಲಿ ಆರು ಲಾಕ್. ಮೊದಲ ಮೂರು ಬಿಡಿಬಿಡಿ. ಮೇಲಿನ ಮೂರು ಒಂದಕ್ಕೊಂದು ಅಂಟಿದ ಮೆಟ್ಟಿಲು, ಒಂದರ ಮೇಲ್ಬಾಗಿಲೇ ಇನ್ನೊಂದರ ಕೆಳಬಾಗಿಲು. ಹತ್ತುವಾಗ ಕೆಳಗಿನ ತೊಟ್ಟಿ ಖಾಲಿ ಇರಬೇಕು, ಮೇಲಿನೆರಡೂ ತುಂಬಿರಬೇಕು. ತಪ್ಪಿದರೆ ನೀರು ಅಂಚು ಮೀರಿ ರಸ್ತೆಗೆ ಬರುತ್ತದೆ, ಇಲ್ಲವೇ ದೋಣಿ ನೆಲ ಕಚ್ಚುತ್ತದೆ. ಅದಕ್ಕೇ ಅಲ್ಲಿ ಕಾವಲಿಗೆ ಜನ. ಆವತ್ತು ಇದ್ದವರು ಎಪ್ಪತ್ತು ದಾಟಿದ ಸ್ವಯಂಸೇವಕರು, ಕೆನಾಲ್ ಅಂಡ್ ರಿವರ್ ಟ್ರಸ್ಟಿನ ನೀಲಿ ಅಂಗಿ. ನಾಲೆಯನ್ನು ಸರ್ಕಾರದ ಕೈಯಿಂದ ಈ ಟ್ರಸ್ಟು ವಹಿಸಿಕೊಂಡದ್ದು 2012ರಲ್ಲಿ.

ನಾನೂ ನಾಲೆಯವನೇ ಎಂದು ಮಗಳ ಕೈಲಿ ಹೇಳಿಸಿದೆ. ಅವರ ಕಣ್ಣು ಅರಳಿತು.

"ನಿಮ್ಮ ನಾಲೆಯಲ್ಲಿ ದೋಣಿ ಎಷ್ಟು?"

"ಒಂದೂ ಇಲ್ಲ."

"ಮತ್ತೆ ನಾಲೆ ಯಾಕೆ?"

"ಗದ್ದೆಗೆ. ಕಬ್ಬಿಗೆ."

ಅವರು ಸ್ವಲ್ಪ ಹೊತ್ತು ಯೋಚಿಸಿ, ಈ ನಾಲೆಯ ನೀರೂ ದೋಣಿಗಲ್ಲ ಅಂದರು. ಮೇಲೆ ಡೀ ನದಿಯಿಂದ ದಿನಕ್ಕೆ ಸುಮಾರು 1.2 ಕೋಟಿ ಗ್ಯಾಲನ್ ಈ ನಾಲೆಗೆ ಬೀಳುತ್ತದೆ; ಹರಿದು ಹೋಗಿ ಕೊನೆಯಲ್ಲಿ ಹರ್ಲ್‌ಸ್ಟನ್ ಜಲಾಶಯ ಸೇರಿ ಚೆಷೈರ್‌ನ ನಲ್ಲಿಗಳಲ್ಲಿ ಬರುತ್ತದೆ. ಲಾಕ್‌ನಲ್ಲಿ ನಾವು ಬಿಟ್ಟದ್ದೂ ಅಲ್ಲಿಗೇ ಹೋಗಿ ಸೇರುತ್ತದೆ. 1944ರಲ್ಲಿ ಆಗಿನ ರೈಲ್ವೆ ಕಂಪನಿ ಪಾರ್ಲಿಮೆಂಟಿನ ಕಾಯಿದೆಯ ಮೂಲಕ ಇಲ್ಲಿ ದೋಣಿ ಸಂಚಾರವನ್ನೇ ಕೈಬಿಟ್ಟಿತ್ತಂತೆ. ನೀರು ಬೇಕಾಗಿತ್ತು ಎಂಬ ಒಂದೇ ಕಾರಣಕ್ಕೆ ನಾಲೆಯನ್ನು ಮುಚ್ಚಲಿಲ್ಲ.

1.2 ಕೋಟಿ ಗ್ಯಾಲನ್ ಎಂದರೆ ನಮ್ಮ ಲೆಕ್ಕದಲ್ಲಿ ಇಪ್ಪತ್ತೆರಡು ಕ್ಯೂಸೆಕ್. ಒಂದು ಸಣ್ಣ ವಿತರಣಾ ನಾಲೆಯ ನೀರು. ಆದರೂ ಹೊಟ್ಟೆ ತಣ್ಣಗಾಯಿತು. ಆಮೇಲಿನ ತೂಬುಗಳನ್ನು ನಾನೇ ಎತ್ತಿದೆ.

ಸೋಮವಾರ

ಬೆಳಗ್ಗೆ ಏಳರಿಂದ ಸಂಜೆ ಆರರವರೆಗೆ ಸೋನೆ ಮಳೆ. ದೋಣಿಯಲ್ಲಿ ಮಳೆಯಿಂದ ತಪ್ಪಿಸಿಕೊಳ್ಳಲಾಗದವನು ಟಿಲ್ಲರ್ ಹಿಡಿದವನೊಬ್ಬನೇ; ಉಳಿದವರು ಒಳಗೆ ಬೆಚ್ಚಗೆ ಇಸ್ಪೀಟು. ಗಂಟೆಗೊಬ್ಬರಂತೆ ಸರದಿ ಹಾಕಿಕೊಂಡೆವು. ಒಳಗಿಂದ ಹುರುಳಿಕಾಳು ಸಾರಿನ ವಾಸನೆ ಚಿಮಣಿಯಿಂದ ಬಂದಂತೆ ಬರುತ್ತಿತ್ತು, ಕತ್ತಿನೊಳಕ್ಕೆ ಮಳೆ ಇಳಿಯುತ್ತಿತ್ತು. ಎತ್ತುವ ಮರದ ಸೇತುವೆಗಳು ಬಂದಾಗ ಒಬ್ಬರು ದಡಕ್ಕೆ ಹಾರಿ ಅದೇ ವಿಂಡ್‌ಲಾಸ್ ಹಾಕಿ ತಿರುಗಿಸಬೇಕು. ಸೇತುವೆ ಮೆಲ್ಲಗೆ ಏಳುತ್ತದೆ, ದೋಣಿ ನುಸುಳುತ್ತದೆ, ಮತ್ತೆ ಇಳಿಸಬೇಕು.

ಮಧ್ಯಾಹ್ನ ವಿಕ್ಸಾಲ್ ಮಾಸ್. ಕಣ್ಣಿಗೆ ಬರೀ ಜೌಗು, ಬರ್ಚ್ ಮರ, ಕಪ್ಪು ನೀರು. ಮನೆಯವರಿಗೆ ಬೇಸರ ಬಂತು, ನನಗೆ ಇಡೀ ದಾರಿಯಲ್ಲಿ ಅತ್ಯಂತ ಕುತೂಹಲದ ಜಾಗ ಇದೇ. ಸಾವಿರಾರು ವರ್ಷ ಕೊಳೆತು ಗಟ್ಟಿಯಾದ ಪಾಚಿಯ ನೆಲ, ಒದ್ದೆ ಸ್ಪಂಜಿನಂಥದ್ದು. ಅದರ ಮೇಲೆ ನಾಲೆ ಕಟ್ಟಿದರೆ ಏರಿ ಕುಸಿಯುತ್ತಲೇ ಇರುತ್ತದೆ. ಅದನ್ನು ಎತ್ತರಿಸುತ್ತಲೇ ಇರುವುದಕ್ಕೆಂದು ಒಂದು ಕೂಲಿ ತಂಡ 1960ರ ದಶಕದವರೆಗೂ ಇಲ್ಲಿ ಕಾಯಂ ಆಗಿ ಇತ್ತಂತೆ. ಅಪ್ಪ ಮಣ್ಣು ಹಾಕಿದ ಜಾಗಕ್ಕೇ ಮಗನೂ ಹಾಕಿರಬೇಕು. ಇಂಥವರ ಹೆಸರು ಯಾವ ಕಲ್ಲಿನ ಮೇಲೂ ಇರುವುದಿಲ್ಲ, ನನ್ನ ಸೆಕ್ಷನ್ನಿನ ನೀರುಗಂಟಿಗಳ ಹಾಗೆ.

ಎಲ್ಸ್‌ಮಿಯರ್ ಊರಿನ ಹತ್ತಿರ ನಾಲೆಯ ಬಗಲಿಗೇ ಬ್ಲೇಕ್ ಮಿಯರ್ ಎಂಬ ಕೆರೆ, ನಡುವೆ ಒಂದು ಸಾಲು ಮರ ಅಷ್ಟೆ. ರಾತ್ರಿ ಊರಿನ ಕವಲಿನಲ್ಲಿ ತಂಗಿದೆವು. ಮರದ ಸೌಟಿನಲ್ಲಿ ತೊಳೆಸಿದ ಮುದ್ದೆ ಗಂಟಾಯಿತು. ಆ ಚಳಿಗೆ ಗಂಟೂ ರುಚಿಸಿತು.

ಮಂಗಳವಾರ

ಈ ದಿನದ ಬಗ್ಗೆ ಬರೆಯದೆ ಬಿಡಬಹುದಿತ್ತು, ಮನೆಯವರು ಬಿಡುತ್ತಿಲ್ಲ.

ಮಳೆ ನಿಂತು ಬಿಸಿಲು ಬಂತೆಂದು ಒದ್ದೆ ಬಟ್ಟೆಯನ್ನೆಲ್ಲ ದೋಣಿಯ ತಾರಸಿಯ ಮೇಲೆ ಹರಡಿದ್ದೆವು. ನನ್ನ ಪಂಚೆಯನ್ನು, ಹಸಿರು ಅಂಚಿನ ಮಲ್ಲು ಪಂಚೆ, ಕೈಹಿಡಿಗೆ ಗಂಟು ಹಾಕಿದ್ದೆ. ನನ್ನ ಗಂಟಿನ ಮೇಲೆ ನನಗೆ ನಂಬಿಕೆ ಜಾಸ್ತಿ. ಫ್ರಾಂಕ್ಟನ್ ದಾಟಿದ ಮೇಲೆ ಬಯಲು. ಪಶ್ಚಿಮದಿಂದ ಗಾಳಿ ಎದ್ದಿತು, ಅದರ ಹಿಂದೆಯೇ ಕಡಲೆಕಾಳು ಗಾತ್ರದ ಆಲಿಕಲ್ಲು. ತಾರಸಿ ಡೋಲಿನಂತೆ ಬಡಿದುಕೊಳ್ಳುತ್ತಿತ್ತು. ಆಲಿಕಲ್ಲಿಗೆ ತಲೆ ಬಗ್ಗಿಸಿ ಎತ್ತುವಷ್ಟರಲ್ಲಿ ಪಂಚೆ ಇರಲಿಲ್ಲ. ಎಂಜಿನ್ ಒಮ್ಮೆ ಕೆಮ್ಮಿ ನಿಂತಿತು. ಗಾಳಿ ದೋಣಿಯನ್ನು ಅಡ್ಡಡ್ಡ ತಳ್ಳಿಕೊಂಡು ಹೋಗಿ ಜೊಂಡಿಗೆ ಒರಗಿಸಿತು.

ಎಂಜಿನ್ ಕೀಲಿ ತೆಗೆದು ಜೇಬಿಗೆ ಹಾಕಿಕೊಳ್ಳಬೇಕು, ಇದು ಮೊದಲ ಪಾಠ. ಹಿಂಭಾಗದ ಹಲಗೆ ಎತ್ತಿದರೆ ಬೀಡ್ ಹ್ಯಾಚ್ ಎಂಬ ಒಂದು ಚೌಕ ಮುಚ್ಚಳ. ನಮ್ಮ ಉಚ್ಚಾರದಲ್ಲಿ ಕಳೆ ಎಂಬ ಅರ್ಥದ ವೀಡೂ ಬೀಡಾಯಿತು. ಅದನ್ನು ತೆಗೆದರೆ ನೇರ ನೀರು, ಅದರೊಳಗೆ ಪ್ರೊಪೆಲ್ಲರ್. ಬೋರಲು ಮಲಗಿ ಭುಜದವರೆಗೆ ಕೈ ಇಳಿಸಿದೆ. ನೀರು ಫ್ರಿಜ್ಜಿನೊಳಗಿನದು. ಬೆರಳಿಗೆ ತಾಕಿದ್ದು ಹಗ್ಗದಂತೆ ಹುರಿಗೊಂಡ ಬಟ್ಟೆ, ದಂಡದ ಸುತ್ತ ಐದಾರು ಸುತ್ತು, ಕಲ್ಲಿನಷ್ಟು ಬಿಗಿ. ಅಳಿಯಂದಿರು ಬ್ರೆಡ್ ಕುಯ್ಯುವ ಚಾಕು ಕೊಟ್ಟರು. ಕಣ್ಣಿಗೆ ಕಾಣದ ಜಾಗದಲ್ಲಿ, ಮರಗಟ್ಟಿದ ಬೆರಳಿನಲ್ಲಿ, ನನ್ನ ಪಂಚೆಯನ್ನು ನಾನೇ ತುಂಡು ತುಂಡಾಗಿ ಕೊಯ್ದು ತೆಗೆಯಲು ಐವತ್ತು ನಿಮಿಷ ಹಿಡಿಯಿತು.

"ಮಾವ, ನಾನು ಇಳಿಸ್ತೀನಿ ಬಿಡಿ ಕೈ" ಅಂತ ಅವರು ಎರಡು ಸಲ ಕೇಳಿದರು. ಬಿಡಲಿಲ್ಲ. ಪಂಚೆ ನನ್ನದು.

ಫ್ರಾಂಕ್ಟನ್ನಿನ ಮಾತು ಅರ್ಧಕ್ಕೆ ನಿಂತಿತು. ಅಲ್ಲಿ ಎಡಕ್ಕೆ ಮಾಂಟ್‌ಗೊಮರಿ ನಾಲೆ ಕವಲೊಡೆಯುತ್ತದೆ. 1936ರಲ್ಲಿ ಆ ಕವಲಿನಿಂದ ಸುಮಾರು ಒಂದು ಮೈಲಿ ಕೆಳಗೆ ಏರಿ ಒಡೆಯಿತು. ರೈಲ್ವೆ ಕಂಪನಿ ಅದನ್ನು ಮತ್ತೆ ಕಟ್ಟಲಿಲ್ಲ. ಒಡೆದ ಏರಿಯನ್ನು ರಾತ್ರೋರಾತ್ರಿ ಮರಳುಮೂಟೆ ಹಾಕಿ ನಿಲ್ಲಿಸಿದ ನನಗೆ, ಸುಮ್ಮನೆ ಕೈಚೆಲ್ಲಿ ಕೂರುವುದು ಊಹೆಗೂ ಬರುವುದಿಲ್ಲ. ಆದರೆ ಆ ನಾಲೆಯ ಕೊನೆಯಲ್ಲಿ ನೀರಿಗಾಗಿ ಬೊಬ್ಬೆ ಹೊಡೆಯುವ ರೈತರಿರಲಿಲ್ಲ. ಇವತ್ತು ಉತ್ಸಾಹಿಗಳು ಅದನ್ನು ತುಂಡು ತುಂಡಾಗಿ ಜೀವಕ್ಕೆ ತರುತ್ತಿದ್ದಾರೆ.

ನ್ಯೂ ಮಾರ್ಟನ್ನಿನ ಎರಡು ಲಾಕ್ ಹತ್ತಿ, ಇಂಗ್ಲೆಂಡಿನ ಅಂಚಿನ ಚರ್ಕ್ ಬ್ಯಾಂಕ್‌ನಲ್ಲಿ ಕಟ್ಟಿದೆವು. ತೊಟ್ಟುಕೊಳ್ಳಲು ಅಳಿಯಂದಿರ ಟ್ರ್ಯಾಕ್ ಪ್ಯಾಂಟ್.

ಬುಧವಾರ

ಮೋಡವೇ ಇಲ್ಲದ ಬೆಳಗು. ಐದು ನಿಮಿಷದಲ್ಲಿ ದೇಶ ದಾಟಿದೆವು: ಕೆರಿಯಾಗ್ ನದಿಯ ಮೇಲೆ 1801ರಲ್ಲಿ ಕಟ್ಟಿದ ಚರ್ಕ್ ಮೇಲ್ಗಾಲುವೆ, ಎಪ್ಪತ್ತಡಿ ಎತ್ತರ, ಆಚೆ ದಡ ವೇಲ್ಸ್. ಪಕ್ಕದಲ್ಲೇ ಇನ್ನೂ ಎತ್ತರಕ್ಕೆ ರೈಲು ಸೇತುವೆ, ನಾಲೆಯ ವ್ಯಾಪಾರ ಕಸಿದುಕೊಂಡವರ ಮೆರವಣಿಗೆಯಂತೆ. ಸೇತುವೆ ಮುಗಿದ ಕೂಡಲೆ ಸುರಂಗ, 421 ಮೀಟರ್. ಎದುರಿನಿಂದ ದೀಪ ಕಂಡರೆ ಕಾಯಬೇಕು. ಒಳಗೆ ಒಂದೇ ದೋಣಿಗೆ ಜಾಗ. ಕಿರಿದಾದಲ್ಲಿ ನೀರಿನ ಸೆಳೆತ ಹೆಚ್ಚಿ ಎಂಜಿನ್ ಎಷ್ಟು ಗುರುಗುಟ್ಟಿದರೂ ದೋಣಿ ತೆವಳುತ್ತಿತ್ತು. ನೀರು ನಿಲ್ಲಿಸಿದಾಗ ನಮ್ಮ ನಾಲೆಯ ಹುಲಿಕೆರೆ ಸುರಂಗದೊಳಗೆ ಟಾರ್ಚ್ ಹಿಡಿದು ನಡೆದ ದಿನಗಳು ನೆನಪಾದವು. ಅದೇ ತಣ್ಣನೆಯ ಸುಣ್ಣದ ವಾಸನೆ.

ಆಮೇಲೆ ಪೊಂಟ್‌ಕಸುಲ್ಥೆ. ಡೀ ಕಣಿವೆಯ ಮೇಲೆ 307 ಮೀಟರ್ ಉದ್ದ, 38 ಮೀಟರ್ ಎತ್ತರಕ್ಕೆ ಎತ್ತಿ ಹಿಡಿದ ಎರಕದ ಕಬ್ಬಿಣದ ದೋಣಿ, ಅದರೊಳಗೆ ನೀರು, ನೀರಿನೊಳಗೆ ನಮ್ಮ ದೋಣಿ. ಎಂಜಿನಿಯರುಗಳಾದ ಥಾಮಸ್ ಟೆಲ್‌ಫರ್ಡ್ ಮತ್ತು ವಿಲಿಯಂ ಜೆಸಪ್ ಹತ್ತು ವರ್ಷ ಕಟ್ಟಿ 1805ರ ನವೆಂಬರಿನಲ್ಲಿ ತೆರೆದದ್ದು. 2009ರಲ್ಲಿ ವಿಶ್ವ ಪರಂಪರೆಯ ಪಟ್ಟಿ ಸೇರಿತು. ಕಂಬಗಳ ಗಾರೆಗೆ ಎತ್ತಿನ ರಕ್ತ ಬೆರೆಸಿದ್ದರು ಅನ್ನುತ್ತಾರೆ. ನಿಜವೋ ಸುಳ್ಳೋ, ನಂಬುವುದು ನನಗೆ ಕಷ್ಟವಲ್ಲ. ಸಿಮೆಂಟಿಲ್ಲದೆ ಸುರ್ಕಿ ಗಾರೆಯಲ್ಲಿ ಕಟ್ಟಿದ ಕನ್ನಂಬಾಡಿ ಕಟ್ಟೆಯ ನೀರು ಕುಡಿದು ಬೆಳೆದವನು. ತಳದಲ್ಲಿ ಒಂದು ಬಿರಡೆ ಇದೆ. ರಿಪೇರಿಗೆ ಬೇಕಾದಾಗ ಅದನ್ನು ತೆಗೆದು ಇಡೀ ತೊಟ್ಟಿಯ ನೀರನ್ನು ಕೆಳಗಿನ ನದಿಗೆ ಸುರಿಯುತ್ತಾರೆ.

ಒಂದು ಬದಿಗೆ ಕಾಲುದಾರಿ, ಅದಕ್ಕೆ ಕಂಬಿ ಇದೆ. ಇನ್ನೊಂದು ಬದಿಗೆ ಏನೂ ಇಲ್ಲ. ನೀರಿನಿಂದ ಗೇಣುದ್ದ ಎತ್ತರದ ಕಬ್ಬಿಣದ ಅಂಚು, ಅದರಾಚೆ ಗಾಳಿ. ಟಿಲ್ಲರ್ ಹಿಡಿದವನ ಕಣ್ಣಿಗೆ ಅಂಚೂ ಕಾಣುವುದಿಲ್ಲ, ಕೆಳಗೆ ಮರಗಳ ನೆತ್ತಿ ಕಾಣುತ್ತದೆ. ನನಗೆ ಮಂಡಿ ನಡುಗಿತು. ಮೂವತ್ತೊಂದು ವರ್ಷದ ಸರ್ವಿಸ್ಸು ಯಾವ ಕೆಲಸಕ್ಕೂ ಬರಲಿಲ್ಲ. ನೇರ ಮುಂದೆ ನೋಡಿದೆ. ಅಲ್ಲಿ, ಮೂತಿಯಲ್ಲಿ, ಲೈಫ್ ಜಾಕೆಟ್ ತೊಡೆಯ ಮೇಲಿಟ್ಟುಕೊಂಡು ನಮ್ಮಾಕೆ ಬಗ್ಗಿ ಬಗ್ಗಿ ಕೆಳಗೆ ನೋಡುತ್ತಿದ್ದಳು.

"ರೀ, ಕೆಳೀಕೆ ಹೊಳೆ ಹರೀತಾ ಅದೆ ನೋಡ್ರೀ! ಕುರಿ ಇರುವೆ ಹಂಗ್ ಕಾಣ್ತವೆ!"

ನೋಡಲಿಲ್ಲ.

ಸೇತುವೆ ಮುಗಿದ ಮೇಲೆ ಎಡಕ್ಕೆ ಕಡಿದಾದ ತಿರುವು. ಇಲ್ಲಿಂದ ಊರಿನವರೆಗಿನ ನಾಲೆಯನ್ನು ಕಡಿದದ್ದೇ ನೀರು ತರಲು. ಗುಡ್ಡದ ಪಕ್ಕೆಗೆ ಅಂಟಿಕೊಂಡು ಎಷ್ಟು ಕಿರಿದಾಗುತ್ತದೆ ಎಂದರೆ ಕೆಲವು ಕಡೆ ಎರಡು ದೋಣಿ ಸಾಗುವುದಿಲ್ಲ. ಮಗಳು ಮುಂದೆ ನಡೆದು ಹೋಗಿ ಫೋನ್ ಮಾಡುತ್ತಿದ್ದಳು: "ಬನ್ನಿ, ಯಾರೂ ಇಲ್ಲ". ಒಂದು ಕಡೆ ಕಾಯುವಾಗ ಕಡ್ಡಿ ಬಿಟ್ಟೆ. ಇಪ್ಪತ್ತು ಹೆಜ್ಜೆಗೆ ಒಂದೂ ಕಾಲು ನಿಮಿಷ.

ಊರಿನ ಹೆಸರು ಲಾನ್‌ಗೊಲೆನ್ ಎಂದು ಬರೆಯುತ್ತಿದ್ದೇನೆ, ಅದು ಸುಳ್ಳು. ಮೊದಲಕ್ಷರಕ್ಕೆ ನಾಲಿಗೆ ಹಲ್ಲಿಗೊತ್ತಿ ಪಕ್ಕದಿಂದ ಉಸಿರು ಬಿಡಬೇಕು; ಕನ್ನಡದ ಲ, ಳ ಎರಡೂ ಸಾಲದು. ನಮ್ಮಾಕೆ ಮೊದಲ ದಿನವೇ ರಂಗೋಲಿ ಎಂದು ಹೆಸರಿಟ್ಟು ಮುಗಿಸಿದ್ದಳು.

ದೋಣಿ ಕಟ್ಟಿ, ಎರಡು ಮೈಲಿ ಮೇಲಕ್ಕೆ ದಡದಲ್ಲೇ ನಡೆದೆವು. ಎಂಜಿನ್ ದೋಣಿಗೆ ಅಲ್ಲಿ ಪ್ರವೇಶವಿಲ್ಲ. ಕುದುರೆ ಎಳೆಯುವ ದೋಣಿ ಮಾತ್ರ, 1884ರಿಂದ ನಡೆದುಬಂದದ್ದು. ಅರ್ಧ ದಾರಿಗೆ ಮಳೆ ಹಿಡಿಯಿತು, ಯಾರೂ ಹಿಂದಿರುಗೋಣ ಅನ್ನಲಿಲ್ಲ. ಕೊನೆಗೆ ಬಂತು: ಡೀ ನದಿಗೆ ಅಡ್ಡಲಾಗಿ ಲಾಳದಂತೆ ಬಾಗಿದ ಕಟ್ಟೆ, 140 ಮೀಟರ್ ಉದ್ದ, ಟೆಲ್‌ಫರ್ಡ್‌ನದೇ, 1808. ಎತ್ತರ ಏನೂ ಇಲ್ಲ. ನೀರು ಗಾಜಿನ ಹಾಳೆಯಂತೆ ಜಾರಿ ಕೆಳಗೆ ಬೆಳ್ಳಗಾಗುತ್ತದೆ. ಒಂದು ಬದಿಯಲ್ಲಿ, ಕಾಲುವೆ ನದಿಯಿಂದ ಬೇರೆಯಾಗುವಲ್ಲಿ, ಪುಟ್ಟ ಮನೆ. ಒಳಗೆ ಅಳತೆಯ ಯಂತ್ರ. ಎಷ್ಟು ನೀರು ಬಿಟ್ಟೆವು ಎಂದು ಬರೆದಿಡುವ ಜಾಗ.

ನಾನು ಅಲ್ಲಿಂದ ಕದಲಲಿಲ್ಲ. ಮಗಳು ಜಲಪಾತದ ಫೋಟೋ ತೆಗೆಯುತ್ತಿದ್ದಳು, ನಾನು ಗೇಜ್ ಮನೆಯದು ತೆಗೆಸಿಕೊಂಡೆ. ನನ್ನ ಜೊತೆ ಕೆಲಸ ಮಾಡಿದವರಿಗೆ ವಾಟ್ಸಾಪಿನಲ್ಲಿ ಕಳಿಸಿದೆ. ಒಬ್ಬನೇ ಉತ್ತರ ಬರೆದ: "ಸಾರ್, ಟೇಲ್ ಎಂಡಿಗೆ ಸರಿಯಾಗ್ ಹೋಗ್ತದಾ ಕೇಳಿ".

ಗುರುವಾರ, ಶುಕ್ರವಾರ

ವಾಪಸು ಬರುವಾಗ ನೀರೇ ತಳ್ಳುತ್ತದೆ. ಬಂದ ದಾರಿ, ಅರ್ಧ ಹೊತ್ತು. ಗುರುವಾರ ಮಂಜು, ಶುಕ್ರವಾರ ಬಿಸಿಲು, ಮಳೆ, ಬಿಸಿಲು, ಕಾಮನಬಿಲ್ಲು, ಮಳೆ. ಬೇಲಿಗಳಲ್ಲಿ ಹಾಥಾರ್ನ್ ಹೂ ಆ ನಾಲ್ಕು ದಿನದಲ್ಲಿ ಬಿರಿದು ಬೆಳ್ಳಗಾಗಿತ್ತು. ಬೂದು ಬಕವೊಂದು ದೋಣಿ ಹತ್ತಿರ ಬಂದಾಗಲೆಲ್ಲ ಬೇಸರದಿಂದ ಎದ್ದು ನೂರಡಿ ಮುಂದೆ ಹೋಗಿ ಕೂರುತ್ತಿತ್ತು, ಮತ್ತೆ ಏಳುತ್ತಿತ್ತು. ಹಿಂದಕ್ಕೆ ಹಾರಿದರೆ ಕಷ್ಟ ತಪ್ಪುತ್ತದೆ ಎಂದು ಅದಕ್ಕೆ ಹೊಳೆಯಲೇ ಇಲ್ಲ.

ಲಾಕ್ ಇಳಿಯುವಾಗ ಒಂದೇ ಭಯ: ಮೇಲ್ಬಾಗಿಲ ಬುಡದಲ್ಲಿ ನೀರೊಳಗೆ ಅಡಗಿದ ಕಲ್ಲಿನ ಮೆಟ್ಟಿಲು. ನೀರು ಇಳಿಯುತ್ತಿದ್ದಂತೆ ದೋಣಿಯ ಹಿಂಭಾಗ ಅದರ ಮೇಲೆ ಕೂತರೆ ಮೂತಿ ಕೆಳಗೆ ಹೋಗಿ ದೋಣಿಯೇ ಮುಳುಗುತ್ತದೆ. ಗೋಡೆಯ ಬಿಳಿ ಗೆರೆ ದಾಟಿ ಮುಂದಿರಬೇಕು. ನಮ್ಮಾಕೆ ಪ್ರತಿ ಲಾಕ್‌ನಲ್ಲೂ ಗೆರೆಯ ಪಕ್ಕ ನಿಂತು "ಮುಂದಕ್ಕೆ, ಮುಂದಕ್ಕೆ, ಸಾಕು" ಎಂದು ಕೂಗಿದಳು. ಶುಕ್ರವಾರ ಲೈಫ್ ಜಾಕೆಟ್ ಎಲ್ಲಿಟ್ಟಿದ್ದಾಳೆಂದು ಅವಳಿಗೇ ನೆನಪಿರಲಿಲ್ಲ.

ಶನಿವಾರ

ಒಂಬತ್ತಕ್ಕೆ ದೋಣಿ ಒಪ್ಪಿಸಿದೆವು. ಅದೇ ಹುಡುಗ ಬಂದು ಹಲಗೆ ಎತ್ತಿ, ಮುಚ್ಚಳ ತೆಗೆದು, ಕೈ ಇಳಿಸಿ ತಡಕಾಡಿದ. ಎಲ್ಲ ತೆಗೆದಿದ್ದೇನೆ ಎಂದು ಹೇಳಲು ಮಗಳಿಗೆ ಸನ್ನೆ ಮಾಡುತ್ತಿದ್ದೆ. ಅವನ ಕೈ ಮೇಲೆ ಬಂತು, ಬೆರಳ ತುದಿಯಲ್ಲಿ ಗೇಣುದ್ದದ ಹಸಿರು ಅಂಚು, ಎಣ್ಣೆ ಮೆತ್ತಿ ನೀರು ತೊಟ್ಟಿಕ್ಕುತ್ತಾ. ಹಿಂಡಿ, ಕೊಡವಿ, ಏನೋ ಬೆಲೆಬಾಳುವ ವಸ್ತು ಹಿಂದಿರುಗಿಸುವವನಂತೆ ನನ್ನ ಕೈಗಿಟ್ಟ.

ನಮ್ಮಾಕೆ ಅದನ್ನು ಕಿತ್ತುಕೊಂಡು ಹಾರ್ಲಿಕ್ಸ್ ಬಾಟಲಿಯ ಸುತ್ತ ಕಟ್ಟಿದಳು. ಒಳಗಿದ್ದದ್ದು ಗೇಜ್ ಮನೆಯ ಮುಂದೆ ಅವಳು ತುಂಬಿಕೊಂಡ ಡೀ ನದಿಯ ನೀರು.